ಉಪ್ಪಿಲ್ಲದ ಸಮುದ್ರ

ಆ ಮೋಟಾರ್ ಸೈಕಲ್ಲು ಕೆಂಪು ಬಣ್ಣದ್ದು ಎಂದು ನನ್ನ ನೆನಪು. ಚಿಗವ್ವ ಕರಿಯದು ಎನ್ನುತ್ತಾಳೆ. ಅವಳು ಅದನ್ನು ನೋಡಿದ್ದು ಕಾಕಾನನ್ನು ಮದುವೆಯಾಗಿ ಬಂದ ಮೇಲೆ. ಅಷ್ಟರಲ್ಲಿ ಬಣ್ಣ ಬಳಿಸಿರಬಹುದು. ಅಥವಾ ಬೇರೆ ಯಾವುದೋ ಗಾಡಿಯ ಕೆಂಪನ್ನು ನಾನೇ ಇದಕ್ಕೆ ಹಚ್ಚಿಕೊಂಡಿರಬಹುದು. ವರ್ಷವೂ ಹಾಗೆಯೇ, ಎಪ್ಪತ್ತೈದೋ ಎಪ್ಪತ್ತಾರೋ. ದಿನಚರಿ ಬರೆಯುವ ಅಭ್ಯಾಸ ನನಗೆ ಆಗಲೂ ಇತ್ತು. ಆ ಚಳಿಗಾಲದ ಪುಟಗಳನ್ನು ತೆಗೆದು ನೋಡಿದರೆ ಗಾಳಿ ಜೋರು, ಇಬ್ಬನಿ ಹೆಚ್ಚು, ಅವರು ಬಂದಿದ್ದರು, ಇವರು ಹೋದರು ಎಂಬುದಷ್ಟೇ ಇದೆ. ಬೇಕಾದದ್ದನ್ನು ಬರೆದಿಲ್ಲ. ಇದನ್ನೆಲ್ಲ ಮರೆಯುವುದುಂಟೇ ಎಂಬ ಧೈರ್ಯ ಆ ವಯಸ್ಸಿನದು. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಸೇರಿಕೊಂಡದ್ದು ಎಂದು ನಾನು ಆಣೆ ಮಾಡಿ ಹೇಳಲಾರೆ.

ಹೋದ ತಿಂಗಳು ಬಿಜಾಪುರ ಜಿಲ್ಲೆಯ ಇಂಡಿಗೆ ಹೋಗಿದ್ದೆ. ಬಸ್ಸಿಳಿದು ಈರಣ್ಣ ಕಾಕಾನ ಮನೆಗೆ ನಡೆಯುವಾಗ ಓಣಿಯ ತಿರುವಿನಲ್ಲಿ ಯಾರದೋ ಹೊಸ ಮನೆಗೆ ಬೋರು ಕೊರೆಯುತ್ತಿದ್ದರು. ಕಲ್ಲಿನ ಬೂದು ಹಿಟ್ಟು ಹೊಗೆಯಂತೆ ಎದ್ದು, ನೋಡನೋಡುತ್ತ ತೇವವಾಗಿ, ಕೆಸರಾಗಿ ಹರಿಯತೊಡಗಿತು. ಎಂದೂ ಗಾಳಿ ಕಾಣದ ಕಲ್ಲು ಮೊದಲ ಸಲ ನೆನೆದಾಗ ಬರುವ ವಾಸನೆಯೇ ಬೇರೆ. ಮಳೆ ಬಿದ್ದ ಮಣ್ಣಿನದಲ್ಲ ಅದು. ಚಿಕ್ಕವರಿದ್ದಾಗ ಬರೆಯುವ ಪಾಟಿಗೆ ಉಗುಳು ಹಚ್ಚಿ ಒರೆಸುತ್ತಿದ್ದೆವಲ್ಲ, ಆಗಿನದು. ಅಲ್ಲೇ ನಿಂತುಬಿಟ್ಟೆ. ಆ ಇಡೀ ಚಳಿಗಾಲ ನನ್ನ ಕಾಕಾನ ಮೈಯಿಂದ ಬರುತ್ತಿದ್ದದ್ದು ಇದೇ ವಾಸನೆ.

ಈರಣ್ಣ ಕಾಕಾ ನನ್ನ ಅಪ್ಪನ ಕೊನೆಯ ತಮ್ಮ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವನಿದ್ದಾನು. ದೊಡ್ಡ ಬರಗಾಲದ ನಂತರ ಕುಡಿಯುವ ನೀರಿಗೆಂದು ನಮ್ಮ ಕಡೆ ಬೋರು ಕೊರೆಯುವ ಹೊಸ ಯಂತ್ರಗಳು ಬಂದವು. ಅವುಗಳನ್ನು ನಡೆಸುವುದು, ಬಿಚ್ಚಿ ಜೋಡಿಸುವುದನ್ನು ಕಲಿಯಲು ಆಯ್ದ ಕೆಲವರನ್ನು ಸ್ವೀಡನ್ನಿಗೆ ಕಳಿಸಿದರು. ಅವರಲ್ಲಿ ಅವನೂ ಒಬ್ಬ. ಗೊಳಸಂಗಿಯ ನಮ್ಮ ಮನೆಯಿಂದ ಅವನು ಹೊರಟ ದಿನ ಆಯಿ, ಅಂದರೆ ನನ್ನ ಅಜ್ಜಿ, ಹೊಸ್ತಿಲಲ್ಲಿ ನಿಂತು, "ದೂರೇನೋ ತಮ್ಮಾ?" ಎಂದು ಕೇಳಿದ್ದಳು. ಇವನು "ಇಲ್ಲೇ ಬೇ" ಎಂದಿದ್ದ.

ನಮ್ಮ ಕಡೆ ಮನೆಯಿಂದ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳಿದರೆ ಹಾದಿಗೆ ಅಡ್ಡ ಬಿದ್ದ ಹಾಗೆ; ಹೊರಟವರು ಮರಳಿ ಒಳಗೆ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಕೇಳಲೇಬೇಕಾದರೆ "ದೂರೇನು?" ಎನ್ನುತ್ತಾರೆ. ಅದಕ್ಕೆ ಇರುವ ಉತ್ತರವೂ ಒಂದೇ, "ಇಲ್ಲೇ." ಸಂತೆಗೆ ಹೋಗುವವರೂ ಇಲ್ಲೇ, ಕಾಶಿಗೆ ಹೋಗುವವರೂ ಇಲ್ಲೇ. ಸ್ವೀಡನ್ ಕೂಡ ನಮ್ಮ ಮನೆಯಲ್ಲಿ ಇಲ್ಲೇ ಆಗಿತ್ತು. ಅವನು ಅಲ್ಲಿದ್ದ ತಿಂಗಳುಗಳಲ್ಲಿ ಯಾರಾದರೂ ಕೇಳಿದರೆ ಆಯಿ, "ಇಲ್ಲೇ ಹೋಗ್ಯಾನವಾ, ಬರ್ತಾನ" ಎಂದು ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತಿದ್ದಳು.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಅವನು ಬಂದ. ನಾನು ಆಗ ಧಾರವಾಡದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಕಾಲೇಜಿನ ಕೆಲಸಕ್ಕೆ ಅರ್ಜಿ ಹಾಕಿ ಕಾಯುವುದು, ನನ್ನನ್ನು ನೋಡಲು ಬಂದವರಿಗೆ ಚಹಾ ಕೊಡುವುದು, ಎರಡೂ ಒಟ್ಟಿಗೆ ನಡೆದಿದ್ದವು. ಕಾಕಾ ಸೊಲ್ಲಾಪುರದಿಂದ ಒಂದು ಹಳೆಯ ಮೋಟಾರ್ ಸೈಕಲ್ಲು ತಂದ. ಊರಲ್ಲಿ ಅದಕ್ಕೆ ಫಟಫಟಿ ಎನ್ನುತ್ತಿದ್ದರು. ಅವನ ಯಂತ್ರ ಮುದ್ದೇಬಿಹಾಳದ ಕಡೆಯ ಹಳ್ಳಿಗಳಲ್ಲಿತ್ತು. ವಾರಕ್ಕೊಮ್ಮೆ ಬೂದು ಹಿಟ್ಟು ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಆಯಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, "ಗಿರಣಿಯಾಗ ಬಿದ್ದ ಇಲಿ ಆಗೀದಿ. ಮದ್ಲ ಜಳಕಾ ಮಾಡು" ಎನ್ನುತ್ತಿದ್ದಳು.

ಸಂಜೆ ಮಾಳಿಗೆಯ ಮೇಲೆ ಕೂತು ಅವನು ಸಮುದ್ರದ ಸುದ್ದಿ ಹೇಳುತ್ತಿದ್ದ. ತರಬೇತಿ ಮುಗಿದ ಮೇಲೆ ಸಿಕ್ಕ ರಜೆಯಲ್ಲಿ ಅಲ್ಲೊಂದು ಹಳೆಯ ಗಾಡಿ ಹಿಡಿದು, ಬಾಲ್ಟಿಕ್ ಸಮುದ್ರದ ದಂಡೆಗುಂಟ ಒಬ್ಬನೇ ಹೊರಟಿದ್ದನಂತೆ. ಸ್ವೀಡನ್ನಿನ ದಂಡೆ ಹಿಡಿದು ಉತ್ತರಕ್ಕೆ, ಸಮುದ್ರದ ತಲೆಯನ್ನು ಬಳಸಿ, ಆಚೆ ಫಿನ್ಲೆಂಡಿನ ದಂಡೆ ಹಿಡಿದು ದಕ್ಷಿಣಕ್ಕೆ. ಎಲ್ಲಿ ನೋಡಿದರೂ ನೆಟ್ಟಗಿನ ಮರಗಳು, ನಡುವೆ ಬಿಳಿ ತೊಗಟೆಯ ಮರಗಳು, ಮಾತಾಡಲು ಒಂದು ಜೀವವಿಲ್ಲದ ಹಾದಿ.

"ಹತ್ತ ಹೊಡದ್ರೂ ಹೊತ್ತ ಮುಳಗಂಗಿಲ್ಲ ಬೇ ಅಲ್ಲೆ," ಎಂದ ಒಂದು ಸಂಜೆ.

"ಹಂಗಾರ ದೀಪಾ ಯಾವಾಗ ಹಚ್ಚತಾರ?" ಎಂದಳು ಆಯಿ.

"ಬ್ಯಾಸಿಗ್ಯಾಗ ಹಚ್ಚೂದಾ ಇಲ್ಲ. ಇನ್ನೊಂದ ಕೇಳು. ಉತ್ತರದಾಗ ಹ್ವಾದಂಗ ಹ್ವಾದಂಗ ಆ ಸಮುದ್ರದ ನೀರು ಉಪ್ಪಾ ಇರಂಗಿಲ್ಲ. ನಾ ಬಗಸಿಲೆ ಕುಡದ ನೋಡೇನಿ."

ಆಯಿ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಅವನನ್ನು ದಿಟ್ಟಿಸಿದಳು. "ಉಪ್ಪಿಲ್ಲಂದ್ರ ಅದು ಸಮುದ್ರ ಅಲ್ಲ, ಕೆರಿ. ಕೆರಿ ಸುತ್ತ ಹಾಕಿ ಬಂದಾನ, ಏನ ದೊಡ್ಡಸ್ತನಾ ಹೇಳ್ತಾನ."

ಕಾಕಾ ಬಿದ್ದು ಬಿದ್ದು ನಕ್ಕ. ಅವನು ನಗುವುದು ನಿಂತ ಮೇಲೂ ನಾನು ನಗುತ್ತಿದ್ದೆ.

ಫಿನ್ಲೆಂಡಿನ ಒಂದು ಹಳ್ಳಿಯಲ್ಲಿ ಮಳೆಗೆ ಸಿಕ್ಕು ಒಬ್ಬ ಮುದುಕಿಯ ಮನೆಯಲ್ಲಿ ನಿಂತದ್ದನ್ನು ಅವನು ಮತ್ತೆ ಮತ್ತೆ ಹೇಳುತ್ತಿದ್ದ. ನಡುವೆ ತೂತಿಟ್ಟ ದುಂಡನೆಯ ಗಟ್ಟಿ ರೊಟ್ಟಿಗಳನ್ನು ಒಂದು ಕೋಲಿಗೆ ಪೋಣಿಸಿ ತೊಲೆಗೆ ತೂಗು ಹಾಕಿದ್ದಳಂತೆ. ನಮ್ಮ ಕಟಕ ರೊಟ್ಟಿಯ ಹಾಗೇ ಕಡಿಯಬೇಕು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಬೆಳಿಗ್ಗೆ ಇವನು ಗಾಡಿ ಹತ್ತಿದಾಗ ಆಕೆ ಬೇಲಿಯ ಹತ್ತಿರ ಬಂದು ಏನನ್ನೋ ಕೇಳಿದಳಂತೆ.

"ಏನ ಕೇಳಿದ್ಲು?" ಎಂದೆ ನಾನು.

"ಯಾಂವಗ್ಗೊತ್ತು? ಆದ್ರ ಹೊಂಟ ನಿಂತಾವನ್ನ ಮುದಕ್ಯಾರು ಮತ್ತೇನ ಕೇಳ್ತಾರ ಕಮಲೀ? ನಾ 'ಇಲ್ಲೇ ಬೇ' ಅಂದೆ. ತಲಿ ಅಳ್ಳಾಡಿಸಿದ್ಲು ನೋಡು!"

ಅವನ ಸುತ್ತು ಮಾತ್ರ ಪೂರ್ತಿಯಾಗಿರಲಿಲ್ಲ. ಫಿನ್ಲೆಂಡಿನ ದಕ್ಷಿಣದ ದಂಡೆಯಲ್ಲಿ ನಿಂತರೆ ಎದುರಿಗೆ ಇನ್ನೊಂದು ದಂಡೆ. ಆ ದಂಡೆ ಆಗ ರಷ್ಯಾದವರ ಕೈಯಲ್ಲಿತ್ತು. ಒಂಟಿ ಗಾಡಿಯವನನ್ನು ಹೀಗೇ ಸುತ್ತಾಡಲು ಬಿಡುತ್ತಿರಲಿಲ್ಲ. ನನ್ನ ಹಳೆಯ ಶಾಲೆಯ ನಕಾಶೆಯಲ್ಲಿ ಅವನು ಬೆರಳಿಟ್ಟು ತೋರಿಸಿದ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಇರುವೆಯಂಥ ಅಕ್ಷರಗಳಲ್ಲಿದ್ದವು. "ಕಾಣಂಗಿಲ್ಲ, ಆದ್ರ ಐತಿ. ಅರ್ಧಾ ಸುತ್ತ ಉಳದೈತಿ" ಎಂದ. ಆ ದನಿ ಮಾಳಿಗೆಯ ಉಳಿದ ಮಾತುಗಳ ದನಿಯಾಗಿರಲಿಲ್ಲ. ಅಥವಾ ಇದು ನಾನು ಈಗ ಸೇರಿಸುತ್ತಿರುವುದೋ?

ಬಾಗೇವಾಡಿ ರಸ್ತೆಯ ಪಕ್ಕದ ಒಣ ಕೆರೆಯಂಗಳದಲ್ಲಿ ಅವನು ನನಗೆ ಗಾಡಿ ಕಲಿಸಿದ. "ಕ್ಲಚ್ ಬಿಡೂದಂದ್ರ ಒಲಿ ಮ್ಯಾಲಿನ ಹಾಲಿನ ಪಾತೇಲಿ ಇಳಿಸಿದಂಗ. ಧಡಕ್ಕನ ಬಿಟ್ಟಿ, ಎಲ್ಲಾ ಚೆಲ್ತು." ಕೆರೆಯ ದಂಡೆಯಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರು, "ಈರಣ್ಣಾ, ಹೆಣಮಗಳಿಗಿ ಇದ್ಯಾಕೋ? ಗಂಡನ ಮನಿಗಿ ತಾನಾ ಹೊಡಕೊಂಡ ಹೋಗ್ತಾಳೇನು?" ಎಂದರು. ಕಾಕಾ, "ಹೌದ್ರಿ, ಗಂಡನ್ನ ಹಿಂದ ಕುಂದರಿಸ್ಕೊಂಡ" ಎಂದ. ಬಿದ್ದೆ, ಮೊಣಕಾಲು ತರಚಿಕೊಂಡೆ, ಮನೆಯಲ್ಲಿ ಸುಳ್ಳು ಹೇಳಿದೆ, ಕಲಿತೆ. ಕುಸುಬಿ ಹೂ ಬಿಡುವ ಹೊತ್ತಿಗೆ ಅವನು ದಂಡೆಯ ಮೇಲೆ ಕೂತು ಬರೇ ನೋಡುತ್ತಿದ್ದ.

ಸಂಕ್ರಮಣದ ಆಸುಪಾಸು ಒಂದು ದಿನ ಅಲ್ಲೇ ಹೇಳಿದ. ಸ್ವೀಡನ್ನಿನಲ್ಲಿ ಅವನಿಗೆ ಕಲಿಸಿದವರು ಮತ್ತೆ ಬಾ, ಕೆಲಸ ಕೊಡುತ್ತೇವೆ ಎಂದಿದ್ದರು. ಯುಗಾದಿಯೊಳಗೆ ಹೊರಡಬೇಕು. ಮನೆಯಲ್ಲಿ ಯಾರಿಗೂ ಹೇಳಿಲ್ಲ. "ಅಲ್ಲೇ ಇದ್ರ ಒಂದಿಲ್ಲ ಒಂದಿನಾ ಆ ದಂಡಿಗೂ ಬಿಡ್ತಾರ. ಇಲ್ಲಿಂದ ಆಗೂದಲ್ಲ." ಆಯಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಆಯಿ ಅದೇ ಹೊತ್ತಿನಲ್ಲಿ ಆಲಮೇಲದ ಒಂದು ಕನ್ಯೆ ನೋಡಿಟ್ಟಿದ್ದಳು.

ಯಂತ್ರ ಇಂಡಿಯ ಕಡೆ ಸಾಗಿತು. ಕಾಕಾ ಅದರ ಲಾರಿಯಲ್ಲೇ ಹೋದ. ಗಾಡಿ ಗೊಳಸಂಗಿಯಲ್ಲಿ ಉಳಿಯಿತು. ಅವನು ಹೋದ ಕೆಲವೇ ದಿನಕ್ಕೆ ಆಲಮೇಲದವರಿಂದ ಸುದ್ದಿ ಬಂತು. ಸೋಮವಾರ ಬರುತ್ತೇವೆ, ನಿಶ್ಚಯದ ಸಕ್ಕರೆ ಹಂಚಿ ಮಾತು ಮುಗಿಸಿಬಿಡೋಣ. ಅವನು ಹೇಗೂ ಶನಿವಾರ ಮನೆಗೆ ಬರುವವನು. ಏನೂ ತಿಳಿಯದೆ ಬಂದು, ಹಿರಿಯರ ನಡುವೆ ಕೂತು, ಬಾಯಿಗೆ ಸಕ್ಕರೆ ಹಾಕಿಕೊಂಡನೆಂದರೆ ಮುಗಿಯಿತು. ಆಯಿಯ ಮಾತು ಮುರಿದು ಹೋಗುವವನಲ್ಲ ಅವನು. ಅಪ್ಪ ಅವ್ವ ಬಾಗಲಕೋಟೆಗೆ ಮದುವೆಗೆ ಹೋಗಿದ್ದರು. ಅವನು ಊರಿಗೆ ಹೊರಡುವ ಮೊದಲೇ ಸುದ್ದಿ ಮುಟ್ಟಿಸಬೇಕೆಂದು ಶುಕ್ರವಾರ ಬೆಳಿಗ್ಗೆ ನಾನು ಕಾಕಾನ ಪ್ಯಾಂಟು, ಖಾಕಿ ಅಂಗಿ ತೊಟ್ಟು ತಲೆಗೆ ಟವೆಲು ಸುತ್ತಿಕೊಂಡೆ.

ಆಯಿ ಹೊಸ್ತಿಲಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಎಲ್ಲಿಗೆ ಎಂದು ಕೇಳಿದ್ದರೆ ನಾನು ಬಾಯಿ ಬಿಟ್ಟುಬಿಡುತ್ತಿದ್ದೆ. ಆಕೆ ಕೇಳುವಂತಿರಲಿಲ್ಲ.

"ದೂರೇನಬೇ?"

"ಇಲ್ಲೇ ಆಯಿ."

ಆಯಿ ಒಳಗೆ ಹೋಗಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದು ಕೊಟ್ಟಳು. ಇಲ್ಲೇ ಹೋಗುವವರಿಗೆ ಬುತ್ತಿ ಏಕೆ ಎಂದು ನಾನೂ ಕೇಳಲಿಲ್ಲ.

ಬಿಜಾಪುರದ ಮೇಲೆ ಹೋದರೆ ಹತ್ತಿರ. ಆದರೆ ಬಿಜಾಪುರದ ತುಂಬ ನಮ್ಮವರೇ. ಬಾಗೇವಾಡಿ, ದೇವರ ಹಿಪ್ಪರಗಿ, ಸಿಂದಗಿ ಬಳಸಿ ಹೊರಟೆ. ಖಡಿಗಲ್ಲು ಎದ್ದ ರಸ್ತೆ, ಎರಡೂ ಕಡೆ ಜಾಲಿ, ಅದರಾಚೆ ಬಿಳಿಜೋಳ. ತೆನೆಗಳು ಹಾಲು ತುಂಬಿ ಬಾಗಿದ್ದವು. ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸುವವರು ಕವಣೆ ಬೀಸುವುದನ್ನು ಮರೆತು ನನ್ನನ್ನು ನೋಡುತ್ತಿದ್ದರು. ಒಂದು ಕಡೆ ಕುರಿಹಿಂಡು ಅಡ್ಡ ಬಂತು. ಕುರಿ ಕಾಯುವವನು ಕಂಬಳಿ ಸರಿಪಡಿಸಿಕೊಂಡು, "ಸಾಹೇಬ್ರ, ಬೀಡಿ ಹಚ್ಚಾಕ ಕಡ್ಡಿ ಐತೇನ್ರಿ?" ಎಂದು ಕೈ ಚಾಚಿದ. ನಾನು ಬಾಯಿ ತೆರೆಯದೆ ಇಲ್ಲವೆಂದು ತಲೆಯಾಡಿಸಿದೆ. "ಸೊಕ್ಕ ನೋಡ ಮಗಂದು," ಎಂದು ಕುರಿಗಳಿಗೆ ಹೇಳಿದ.

ಸಿಂದಗಿಯಲ್ಲಿ ಬಾಯಿ ತೆರೆಯಲೇಬೇಕಾಯಿತು. ಪೆಟ್ರೋಲು ಹಾಕುವ ಮುದುಕ, "ಆಯಿಲ್ ಎಷ್ಟ ಹಾಕ್ಲೋ ತಮ್ಮಾ?" ಎಂದ. "ಯಾವಾಗಿನಷ್ಟಾ ಹಾಕ್ರಿ ಚಾಚಾ" ಎಂದೆ. ಡಬ್ಬಿ ಹಿಡಿದ ಅವನ ಕೈ ಅಲ್ಲೇ ನಿಂತಿತು.

"ಯಾ ಅಲ್ಲಾ, ಹೆಣಮಗಳು! ಒಬ್ಬಾಕೀನಾ?"

"ಹೌದ್ರಿ."

ಅವನು ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ, "ದೂರೇನವಾ?" ಎಂದ.

"ಇಲ್ಲೇ ರೀ."

ಅವನು ಎರಡೂ ಟೈರು ಒತ್ತಿ ನೋಡಿ, ಹಿಂದಿನದಕ್ಕೆ ಗಾಳಿ ಹಾಕಿ ಕಳಿಸಿದ.

ಸಿಂದಗಿಯಲ್ಲಿ ಒಂದು ರಸ್ತೆ ಆಲಮೇಲಕ್ಕೆ ಒಡೆಯುತ್ತದೆ. ಅದನ್ನು ಬಲಕ್ಕೆ ಬಿಟ್ಟು ಇಂಡಿಯ ರಸ್ತೆ ಹಿಡಿದೆ. ಆಮೇಲೆ ಎಲ್ಲೋ ಊರಿಲ್ಲದ, ಮರವೂ ಇಲ್ಲದ ಒಂದು ಬಯಲಲ್ಲಿ ಬುತ್ತಿ ಬಿಚ್ಚಲೆಂದು ಗಾಡಿ ನಿಲ್ಲಿಸಿದೆ. ಗಾಡಿಯ ಸದ್ದು ನಿಂತದ್ದೇ ಕಿವಿ ಗುಂಯ್ ಎಂದಿತು. ಎರೆಮಣ್ಣಿನ ಕಪ್ಪು, ಅದರ ಮೇಲೆ ಜೋಳದ ಬಿಳಿ, ಗಾಳಿ ಬಂದರೆ ಇಲ್ಲಿಂದ ಬಾನಿನ ಅಂಚಿನವರೆಗೆ ಒಂದೇ ಅಲೆ. ಇಪ್ಪತ್ತೆರಡು ವರ್ಷ ಇದೇ ನೆಲದಲ್ಲಿದ್ದವಳು ಇದನ್ನು ನೋಡಿಯೇ ಇರಲಿಲ್ಲ. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ನಾನು ಎಲ್ಲಿದ್ದೇನೆಂದು ಈ ಲೋಕದಲ್ಲಿ ಒಬ್ಬರಿಗೂ ಗೊತ್ತಿಲ್ಲ. ತುಟಿ ನೆಕ್ಕಿಕೊಂಡೆ. ಉಪ್ಪಿತ್ತು. ಕಾಕಾನಿಗೆ ಹೇಳಬೇಕು ಅಂದುಕೊಂಡೆ, ನನ್ನ ಸಮುದ್ರದಾಗ ಉಪ್ಪೈತಿ ಅಂತ. ಹೇಳಿದೆನೋ ಇಲ್ಲವೋ. ಆ ಒಂದು ಗಳಿಗೆಗಾಗಿ ಆಮೇಲೆ ಜೀವನವಿಡೀ ಹಂಬಲಿಸಿದ್ದೇನೆ. ಕಾರು ಕಲಿತೆ, ರೈಲು ಹತ್ತಿದೆ. ಅದು ಮರಳಿ ಸಿಗಲಿಲ್ಲ.

ಇಂಡಿಯ ಈಚೆಗಿನ ಒಂದು ಹಳ್ಳಿಯಲ್ಲಿ ಯಂತ್ರ ನಿಂತಿತ್ತು. ಕಾಕಾ ಮೊದಲು ನೋಡಿದ್ದು ನನ್ನನ್ನಲ್ಲ. ಬಂದು ಗಾಡಿಯ ಇಂಜಿನ್ನಿನ ಹತ್ತಿರ ಕೈ ಹಿಡಿದು, "ಬಾಳ ಕಾಸೀದಿ. ನಡಬರಕ ಎಷ್ಟ ಸಲ ನಿಂದರಿಸಿದಿ?" ಎಂದ. ಒಬ್ಬ ಸವಾರ ಇನ್ನೊಬ್ಬನನ್ನು ಕೇಳುವಂತೆ ಕೇಳಿದ. ನಾನು ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದೆ. "ಸೋಮವಾರ ಆಲಮೇಲದವರು ಬರಾಕತ್ಯಾರ, ಸಕ್ಕರಿ ಹಂಚಾಕ. ನೀ ಹೋಗಾವಿದ್ರ ಹಿಂಗಿಂದ ಹಿಂಗಾ ಹೋಗು. ಗಾಡಿ ತಂದೇನಿ."

ಅವನು ಗಾಡಿಯನ್ನು ನೆರಳಿಗೆ ತಳ್ಳಿ ನಿಲ್ಲಿಸಿದ. "ಮದ್ಲ ಊಟಾ ಮಾಡು," ಎಂದ.

ಆ ರಾತ್ರಿ ಊರಿನ ಮಾಸ್ತರರ ಮನೆಯಲ್ಲಿ ಅವರ ಹೆಣ್ಣುಮಕ್ಕಳ ಜೊತೆ ಮಲಗಿದೆ. ಬೆಳಿಗ್ಗೆ ಯಂತ್ರದ ಸದ್ದು ಕೇಳಿ ಹೊರಗೆ ಬಂದರೆ ಕಾಕಾ ಗಾಡಿಯ ಹಿಂದೆ ಚೀಲ ಕಟ್ಟಿ, ಹಗ್ಗ ಬಿಗಿದು ಹೊರಟು ನಿಂತಿದ್ದ. ಸ್ವೀಡನ್ನಿನಿಂದ ತಂದ ತೊಗಲಿನ ಕೋಟು ಹಾಕಿದ್ದ. ಚಳಿಯಿತ್ತು, ಕೋಟಿಗೆ ಬೇರೆ ಅರ್ಥ ಬೇಕಿಲ್ಲ. ಸೊಲ್ಲಾಪುರದಿಂದ ಯಂತ್ರದ ಯಾವುದೋ ಸಾಮಾನು ತರಬೇಕೆಂದು ಹಿಂದಿನ ದಿನ ಮಾತು ನಡೆದಿತ್ತು. ಆದರೆ ಸೊಲ್ಲಾಪುರದಿಂದಲೇ ಮುಂಬಯಿಯ ರೈಲೂ ಹೋಗುತ್ತದೆ. ಅವನು ಗಾಡಿ ಚಾಲೂ ಮಾಡಿ ನನ್ನ ಕಡೆ ನೋಡಿದ. ನನ್ನ ಬಾಯಿಂದ ಬಂದೇಬಿಟ್ಟಿತು:

"ಎಲ್ಲಿಗಿ ಕಾಕಾ?"

ಬಂತೆಂದೇ ನಾನು ಇಷ್ಟು ವರ್ಷ ನಂಬಿದ್ದೇನೆ. ಯಂತ್ರದ ಕೆಲಸಗಾರ ಲಾಲಸಾಬ ಲೊಚಗುಟ್ಟಿ, "ಏ ತಂಗೀ, ಎಂಥಾ ಮಾತ ಆಡಿಬಿಟ್ಟಿ!" ಎಂದ. ಕಾಕಾ ಗಾಡಿ ಬಂದ್ ಮಾಡಿದ. ಸಿಟ್ಟಾಗಲಿಲ್ಲ. "ಎಂ.ಎ. ಮಾಡ್ಯಾಳ, ಹೊಂಟವರನ್ನ ಹೆಂಗ ಕೇಳಬೇಕಂಬೂದು ಗೊತ್ತಿಲ್ಲ" ಎಂದು ನಕ್ಕು, ಕೆಳಗಿಳಿದು ಮಾಸ್ತರರ ಕಟ್ಟೆಯ ಮೇಲೆ ಕೂತ. "ತಾ, ನೀರ ಕೊಡು."

ತಾಮ್ರದ ಚರಿಗೆಯಲ್ಲಿ ನೀರು ತಂದೆ. ಅವನು ಅರ್ಧ ಕುಡಿದಿದ್ದ, ಅಷ್ಟರಲ್ಲಿ ಯಂತ್ರದ ಸದ್ದು ಬದಲಾಯಿತು. ಒಣ ಗರಗರ ಹೋಗಿ ದಪ್ಪನೆಯ ಗುಳುಗುಳು. "ಸಾಹೇಬ್ರ, ಹಸಿ ಆತು! ಹಸಿ ಆತು!" ಎಂದು ಲಾಲಸಾಬ ಕೂಗಿದ. ಆ ಊರಲ್ಲಿ ಹಿಂದೆ ಎರಡು ಸಲ ಕೊರೆದು ಬರೀ ಹಿಟ್ಟು ಕಂಡಿದ್ದರಂತೆ. ಕಾಕಾ ಚರಿಗೆ ಇಟ್ಟು ಓಡಿದ. ಬೂದು ಕೆಸರು ಆಳೆತ್ತರ ಹಾರಿತು, ಆಮೇಲೆ ತಿಳಿಯಾಯಿತು. ಹೆಂಗಸರು ಕೊಡಗಳ ಸಮೇತ ಓಡಿ ಬಂದರು. ಒಬ್ಬಾಕೆ ಮೊದಲ ನೀರನ್ನು ಬೊಗಸೆಯಲ್ಲಿ ಹಿಡಿದು ಕಾಕಾನ ಮುಖಕ್ಕೇ ಎರಚಿದಳು. ಅವನ ತೊಗಲಿನ ಕೋಟು ಪೂರ್ತಿ ಕೆಸರಾಗಿತ್ತು. ಅವನು ಬೊಗಸೆಯಲ್ಲಿ ಕುಡಿದು ನೋಡಿ ನನ್ನ ಕಡೆ ತಿರುಗಿ, "ಸಿಹಿ ಐತಿ" ಎಂದ. ಮುಖ ತೊಯ್ದಿತ್ತು, ಅದರಲ್ಲಿ ಏನಿತ್ತೆಂದು ನನಗೆ ಓದಲಾಗಲಿಲ್ಲ.

ಅಂದು ಅವನು ಎಲ್ಲಿಗೂ ಹೋಗಲಿಲ್ಲ. ಮರುದಿನ ನನ್ನನ್ನು ಹಿಂದೆ ಕೂರಿಸಿಕೊಂಡು ಗೊಳಸಂಗಿಗೆ ಹೊರಟ. ಹಾದಿಯಲ್ಲಿ ಅವನೇನಾದರೂ ಅಂದಿದ್ದರೂ ಗಾಳಿಗೆ ನನಗೆ ಕೇಳಿಸಲಿಲ್ಲ. ಸೋಮವಾರ ಆಲಮೇಲದವರು ಬಂದರು. ಅವನು ಸಕ್ಕರೆ ಬಾಯಿಗೆ ಹಾಕಿಕೊಂಡ.

ಅವನು ಕೆಟ್ಟ ಬಾಳು ಬಾಳಿದ ಎಂದರೆ ನನ್ನ ಬಾಯಲ್ಲಿ ಹುಳ ಬೀಳಲಿ. ಆಲಮೇಲದ ಆ ಕನ್ಯೆ, ಸುವರ್ಣಾ ಚಿಗವ್ವನಂಥವಳು ಸಿಕ್ಕಳು, ಮಕ್ಕಳಾದರು. ಈ ನಾಲ್ಕು ತಾಲೂಕಿನಲ್ಲಿ ಅವನು ತೆಗೆದ ನೀರು ಕುಡಿದು ಬೆಳೆದವರಿಗೆ ಈಗ ಮೊಮ್ಮಕ್ಕಳಿದ್ದಾರೆ. ಗಾಡಿಯನ್ನು ಮಾರಿದ. ಆ ಇನ್ನೊಂದು ದಂಡೆಯ ಊರುಗಳು ಮುಂದೆ ಬೇರೆ ದೇಶಗಳಾಗಿ, ಯಾರು ಬೇಕಾದರೂ ಹೋಗಬಹುದಾದಾಗ ನಾನು ಅವನಿಗೆ ಫೋನು ಮಾಡಿ ಹೇಳಿದ್ದೆ. "ಹೌದನು? ಚಲೋ ಆತು" ಎಂದಿದ್ದ.

ಹೋದ ತಿಂಗಳು ನಾನು ಮನೆ ಮುಟ್ಟಿದಾಗ ಅವನು ಚಪ್ಪಲಿ ಮೆಟ್ಟಿಕೊಂಡು, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ದಿನಾ ಸಂಜೆ ಹೀಗೇ ನಿಲ್ಲುತ್ತಾನಂತೆ. ಹೊರಡುವುದಿಲ್ಲ, ನಿಲ್ಲುತ್ತಾನೆ. ಬೋರಿನ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಚಿಗವ್ವ ನನ್ನನ್ನು ನೋಡಿ, "ಬಾರಬೇ, ನನ್ನ ಲಗ್ನಾ ತಪ್ಪಸಾಕ ಫಟಫಟಿ ಹೊಡಕೊಂಡ ಹ್ವಾದಾಕಿ! ಕಡೀಕ ಮಾಡಿಸಿದಾಕೀನೂ ನೀನಾ" ಎಂದಳು. ನಾನು ಬೆಚ್ಚಿದೆ. ಅವಳಿಗೆ ಯಾವಾಗ ಹೇಳಿದ, ಎಷ್ಟು ಹೇಳಿದ? ಅವಳು ನಗುತ್ತ ಒಳಗೆ ಹೋಗಿ ಇಬ್ಬರಿಗೂ ನೀರು ತಂದಳು.

ಕಾಕಾ ನಿಂತೇ ಅರ್ಧ ಕುಡಿದು, ಚರಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಣಿಯ ಕಡೆ ನೋಡುತ್ತಿದ್ದ. ಅಂದು ನಾನು ನಿಜವಾಗಿ ಯಾವ ಮಾತು ಕೇಳಿದೆ, ಅದರಿಂದಲೇ ಅವನು ಇಳಿದನೇ, ನೀರು ಬಂದದ್ದಕ್ಕೆ ಉಳಿದನೇ, ಸೊಲ್ಲಾಪುರಕ್ಕಷ್ಟೇ ಹೊರಟಿದ್ದನೇ, ಇವೆಲ್ಲ ಬಾಯಿಯವರೆಗೆ ಬಂದವು. ಯಾವುದನ್ನೂ ಕೇಳಲಿಲ್ಲ. ಕೇಳಬೇಕಾದ ರೀತಿಯಲ್ಲಿ, ಆಯಿ ಕೇಳುತ್ತಿದ್ದ ಹಾಗೆ, ಒಂದನ್ನೇ ಕೇಳಿದೆ. ಅವನು ನನ್ನ ಕಡೆ ತಿರುಗಿ ನೋಡಿದ. ಅದಾಗಿ ತಿಂಗಳಾಯಿತು, ಇರುವ ಆ ಒಂದೇ ಉತ್ತರ, "ಇಲ್ಲೇ" ಎಂಬುದನ್ನೂ ಅವನು ಹೇಳಿಲ್ಲ.

"ಅವತ್ತ ದೂರ ಹೊಂಟಿದ್ದೇನು, ಕಾಕಾ?"